ಕಣ್ಣಿಗೆ ಎರಡು ಹೊಲಿಗೆ

ಒಬ್ಬ ಮುದುಕಿಯ ಕಣ್ಣನ್ನು ನಾನು ನಗಿಸಿ ಕೆಡಿಸಿದೆ. ಚಾಕು ಜಾರಿಸಿ ಅಲ್ಲ, ಔಷಧದ ಬಾಟಲಿ ಅದಲುಬದಲು ಮಾಡಿ ಅಲ್ಲ. ನಗಿಸಿ.

ದವಾಖಾನೆಗಳಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು ಬರೆಯುವ ಮೊದಲ ವಾಕ್ಯ ಹೀಗಿರಬಾರದು ಎಂದು ನನ್ನ ಮಗಳ ಅಭಿಪ್ರಾಯ. "ಅಪ್ಪಾ, ಮೊದಲ ಏನರೆ ಛಲೋದು ಬರಿ" ಅಂದಳು. ಛಲೋದನ್ನು ಹುಡುಕುತ್ತ ಕೂತರೆ ಬರೆಯುವುದು ಯಾವಾಗ? ಕೆಟ್ಟದ್ದನ್ನು ಮೊದಲು ಹೇಳಿ ಕೈ ತೊಳೆದುಕೊಳ್ಳುತ್ತೇನೆ. ಕೈ ತೊಳೆಯುವುದು ನಮ್ಮ ಕಸುಬಿನ ಮೊದಲ ಪಾಠವೂ ಹೌದು.

ಈ ಬರಹ ಈಗ ಹೊಸದಾಗಿ ದವಾಖಾನೆ ಸೇರುವ ಹುಡುಗ ಹುಡುಗಿಯರಿಗೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದನ್ನು ಓದಿದರೆ ನಿಮಗೆ ನಿದ್ದೆ ಬರುತ್ತದೆ. ನಿದ್ದೆ ಬರಿಸಲು ನಮ್ಮ ಕಾಲದಲ್ಲಿ ಕ್ಲೋರೋಫಾರ್ಮ್ ಇತ್ತು, ಅದೇ ಸಾಕು.

ಮೂವತ್ತರ ದಶಕದ ನಡುವೆ ನಾನು ಹಾನಗಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಒಂದು ಧರ್ಮಾರ್ಥ ಮಂಡಳಿಯವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಒಂದೊಂದು ಸಣ್ಣ ದವಾಖಾನೆ ನಡೆಸುತ್ತಿದ್ದರು. ಮಂಡಳಿಯೂ ಈಗ ಇಲ್ಲ, ಆ ಕಟ್ಟಡಗಳೂ ಇಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ರಕ್ತ ಕಂಡರೆ ತಲೆ ತಿರುಗುತ್ತಿರಲಿಲ್ಲ. ಅಷ್ಟೇ ನನ್ನ ಅರ್ಹತೆ. ಇನ್ನೊಂದು ಅರ್ಹತೆಯನ್ನು ಅರ್ಜಿಯಲ್ಲಿ ಬರೆದಿರಲಿಲ್ಲ: ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಬಾಯಲ್ಲಿ ಇರುತ್ತಿತ್ತು. ನಮ್ಮ ಕಡೆ ಇದಕ್ಕೆ ನಕಲಿ ಮಾಡುವುದು ಅನ್ನುತ್ತಾರೆ. ಊರಲ್ಲಿ ನನ್ನ ಹೆಸರು ಚನ್ನಪ್ಪ ಅಲ್ಲ, ನಕಲಿ ಚನ್ಯಾ.

ದವಾಖಾನೆಯಲ್ಲಿ ನನಗೆ ಸಿಕ್ಕ ದೊಡ್ಡ ಸಂಪತ್ತು ಎಂದರೆ ಡಾಕ್ಟರ್ ರಾಯರು. ತೆಳ್ಳಗೆ, ಉದ್ದಕ್ಕೆ, ಬೇಸಿಗೆಯಲ್ಲೂ ಕೋಟಿನ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿದವರು. ಪುಣೆಯಲ್ಲಿ ಕಲಿತು ಬಂದದ್ದರಿಂದ ಯಾವ ಆಜ್ಞೆಯನ್ನೂ ಒಂದೇ ಭಾಷೆಯಲ್ಲಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ. ಮಂಚದ ಮೇಲಿನ ರೈತ ಹಂದಾಡಿದರೆ ಸಾಕು, "ಹಂದಾಡಬ್ಯಾಡ್ರಿ! ಹಲೂ ನಕಾ! ಡೋಂಟ್ ಮೂವ್!" ಮೂರನೆಯ ಭಾಷೆ ಬರುವಷ್ಟರಲ್ಲಿ ರೈತ ಹೆದರಿ ಇನ್ನಷ್ಟು ಹಂದಾಡುತ್ತಿದ್ದ. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಇಂಥ ಮನುಷ್ಯನನ್ನು ನಕಲಿ ಮಾಡದೆ ಇರುವುದು ಹೇಗೆ, ನೀವೇ ಹೇಳಿ.

ಕಸುಬು ಕಲಿಸಿದವರು ಕಂಪೌಂಡರ್ ಗೌಸಸಾಬರು. ಕತ್ತರಿ, ಚಿಮಟಿಗೆಗಳನ್ನು ತಾಮ್ರದ ಪಾತ್ರೆಯಲ್ಲಿ ಕುದಿಸುವುದು, ಬಳಸಿದ ಬಟ್ಟೆಯ ಪಟ್ಟಿಗಳನ್ನು ಒಗೆದು ಒಣಗಿಸಿ ಸುರುಳಿ ಸುತ್ತುವುದು, ರಬ್ಬರಿನ ಕೈಗವಸುಗಳಿಗೆ ತೂತು ಬಿದ್ದರೆ ಹಳೆಯ ಕೈಗವಸಿನ ತುಂಡು ಅಂಟಿಸುವುದು. ನೀವು ಈಗ ಒಮ್ಮೆ ಹಾಕಿ ಬಿಸಾಡುವ ವಸ್ತುಗಳಿಗೆ ನಾವು ಸೈಕಲ್ಲಿನ ಟ್ಯೂಬಿಗೆ ಮಾಡಿದ ಉಪಚಾರ ಮಾಡುತ್ತಿದ್ದೆವು. ಗೌಸಸಾಬರು ಹೇಳುತ್ತಿದ್ದರು, "ತಮ್ಮಾ, ಈ ಕತ್ರಿಗಿ ಜೀವ ಐತಿ. ಕುದಿಸಿದ್ರ ಸುಮ್ಕಿರತೈತಿ. ಕುದಿಸ್ಲಿಲ್ಲಂದ್ರ ಕಚ್ಚತೈತಿ, ಅದೂ ನಿನಗಲ್ಲ, ಬಡವ್ರಿಗಿ." ಸೂಕ್ಷ್ಮಜೀವಿಗಳ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಇಷ್ಟೇ.

ಕ್ಲೋರೋಫಾರ್ಮಿನ ಕೆಲಸ ನನಗೆ ಬಂದದ್ದು ಸೇರಿದ ಕೆಲವೇ ತಿಂಗಳಿಗೆ. ತಂತಿಯ ಸಣ್ಣ ಬುಟ್ಟಿಯಂಥ ಚೌಕಟ್ಟಿನ ಮೇಲೆ ಬಟ್ಟೆ ಹಾಸಿ ರೋಗಿಯ ಮೂಗಿನ ಮೇಲಿಟ್ಟು, ಬಾಟಲಿಯಿಂದ ಹನಿ ಹನಿಯಾಗಿ ಬಿಡಬೇಕು. ರೋಗಿ ಒಂದು, ಎರಡು ಎಂದು ಎಣಿಸುತ್ತಾನೆ. ಎಣಿಕೆ ತೊದಲಿ ನಿಂತಾಗ ಡಾಕ್ಟರು ಚಾಕು ಎತ್ತುತ್ತಾರೆ. ಆ ದಿನ ತೊಡೆಯಲ್ಲಿ ಆಳವಾದ ಕುರು ಎದ್ದಿದ್ದ ಒಬ್ಬ ಭತ್ತದ ರೈತ ಬಂದಿದ್ದ. ಎತ್ತಿನಂಥ ಆಳು. ಕಿಟಕಿ ಮುಚ್ಚಿದ ಸಣ್ಣ ಕೋಣೆ. ಎಣಿಕೆ ತೊದಲುವುದು ಸರಿಯಾಗಿ ಕೇಳಿಸಲಿ ಎಂದು ನಾನು ಅವನ ಮೋರೆಯ ಹತ್ತಿರವೇ ಬಗ್ಗಿದ್ದೆ, ಜೊತೆಗೆ ನಾನೂ ಎಣಿಸುತ್ತಿದ್ದೆ, ಅದೂ ಅವನದೇ ದನಿಯಲ್ಲಿ. ಮೂವತ್ತೆಂಟರ ತನಕ ಇಬ್ಬರೂ ಜೋಡಿ ಹೋದೆವು. ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಗೌಸಸಾಬರು ಹೇಳಿದ್ದು ಇದು: ನಾನು ಮೆಲ್ಲಗೆ ಗೋಡೆಗೆ ಒರಗಿ ಕೆಳಗೆ ಕೂತೆ. ರೈತ ಬಟ್ಟೆಯ ಕೆಳಗಿಂದಲೇ ಹೇಳಿದ, "ಸಾಹೇಬ್ರ, ನಿಮ್ಮ ಮನಶ್ಯಾ ಮಕ್ಕೊಂಡಾನ. ಕೊಯ್ಯೂದಿದ್ರ ಅವನ್ನ ಕೊಯ್ರಿ."

ನನ್ನ ಮೋರೆಗೆ ನೀರು ಬಿದ್ದು ಕಣ್ಣು ತೆರೆದಾಗ ರಾಯರು ಎದುರಿಗೆ ನಿಂತಿದ್ದರು. "ನಿದ್ದಿ ಮಾಡಬ್ಯಾಡ! ಝೋಪೂ ನಕೋ! ಡೋಂಟ್ ಸ್ಲೀಪ್!"

ಮುಂದೆ ಕ್ಲೋರೋಫಾರ್ಮ್ ಹಿಂದೆ ಸರಿಯಿತು, ಈಥರ್ ಬಂತು. ಆಮೇಲೆ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗಷ್ಟೇ ಜೋಮು ಹಿಡಿಸುವ ವಿದ್ಯೆ ಬಂತು. ರೋಗಿ ಎಚ್ಚರವಿದ್ದು, ಹೊಟ್ಟೆ ಕೊಯ್ಯುತ್ತಿರುವಾಗ ಹೊಲದ ಸುದ್ದಿ ಹೇಳುತ್ತಿದ್ದ. ಹೀಗಾದೀತೆಂದು ಆ ಭತ್ತದ ರೈತನಿಗೆ ಹೇಳಿದ್ದರೆ ನನ್ನದು ಮತ್ತೊಂದು ನಕಲಿ ಎಂದುಕೊಳ್ಳುತ್ತಿದ್ದ.

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋದೆವು, ರಾಯರು ಮೊದಲು, ನಾನು ಹಿಂದಿನಿಂದ. ಅಲ್ಲಿಯ ಒಂದೇ ಸಂಗತಿ ಹೇಳುತ್ತೇನೆ. ತಡಸದ ಯಲ್ಲಪ್ಪ ಎಂಬವನಿಗೆ ತೊಡೆಸಂದಿನಲ್ಲಿ ಕರುಳು ಇಳಿದಿತ್ತು. ರಾಯರು ಕೊಯ್ದು ಹೊಲಿದರು. ಆಗಿನ ಪುಸ್ತಕದ ಪ್ರಕಾರ ಅಂಥವನು ಮೂರು ವಾರ ಅಂಗಾತ ಮಲಗಿರಬೇಕು. ಏಳಬ್ಯಾಡ್ರಿ, ಕೂಡಬ್ಯಾಡ್ರಿ, ಸೀನಬ್ಯಾಡ್ರಿ, ಎಲ್ಲವೂ ಮೂರು ಭಾಷೆಯಲ್ಲಿ. ನಾಲ್ಕನೆಯ ದಿನ ಬೆಳಿಗ್ಗೆ ಮಂಚ ಖಾಲಿ. ರಾಯರ ಮೋರೆ ಸುಣ್ಣವಾಯಿತು. ದಾರಿಯಲ್ಲಿ ಹೊಲಿಗೆ ಬಿಚ್ಚಿ ಎಲ್ಲೋ ಬಿದ್ದು ಸತ್ತಿರಬೇಕು ಎಂದು ಗಾಡಿ ಕಳಿಸಿ ಹುಡುಕಿಸಿದರು. ಸಿಗಲಿಲ್ಲ. ಹನ್ನೊಂದನೆಯ ದಿನ ಯಲ್ಲಪ್ಪ ಕೈಯಲ್ಲೊಂದು ಮುಚ್ಚಿದ ಬೋಗುಣಿ ಹಿಡಿದು ತಾನೇ ನಡೆದು ಬಂದ.

"ಎಲ್ಲಿ ಹೋಗಿದ್ದಿಲೇ?" ರಾಯರು ಕೂಗಿದರು.

"ಎಮ್ಮಿ ಈಯಾಕತ್ತಿತ್ರಿ. ಮನ್ಯಾಗ ಯಾರೂ ಇದ್ದಿಲ್ಲ. ಈಗ ದಾರ ಬಿಚ್ಚಿಸ್ಕೊಳ್ಳಾಕ ಬಂದೇನಿ. ತಗೋರಿ, ಗಿಣ್ಣ ತಂದೇನಿ."

ರಾಯರು ಗಾಯ ನೋಡಿದರು. ಒಣಗಿ ನೀಟಾಗಿ ಕೂಡಿತ್ತು. ಮಲಗಿದವರ ಗಾಯಕ್ಕಿಂತ ಚೆನ್ನಾಗಿತ್ತು. ಅವರು ತಮ್ಮ ಕಪ್ಪು ವಹಿಯಲ್ಲಿ ಏನೋ ಬರೆದುಕೊಂಡರು. ಗಿಣ್ಣವನ್ನು ನಾನು ತಿಂದೆ. ಹತ್ತು ವರ್ಷದ ಮೇಲೆ ದೊಡ್ಡ ದೊಡ್ಡ ಡಾಕ್ಟರುಗಳೇ, ಕೊಯ್ದವರನ್ನು ಬೇಗ ಎಬ್ಬಿಸಿ ನಡೆಸಬೇಕು ಎಂದು ಹೇಳತೊಡಗಿದಾಗ ನನಗೆ ನೆನಪಾದದ್ದು ತಡಸದ ಆ ಎಮ್ಮೆ.

ಆಮೇಲೆ ಸವಣೂರು.

ಆಗ ಕಣ್ಣಿಗೆ ಪೊರೆ ಬಂದವರಿಗೆ ಎರಡು ದಾರಿ. ಊರೂರು ತಿರುಗುವ ಕಣ್ಣಿನ ವೈದ್ಯರು ಬಂದು, ಕಟ್ಟೆಯ ಮೇಲೆ ಕೂಡಿಸಿ, ಸೂಜಿಯಿಂದ ಪೊರೆಯನ್ನು ಕಣ್ಣಿನೊಳಗೇ ಕೆಳಕ್ಕೆ ನೂಕುತ್ತಿದ್ದರು. ಮುದುಕ "ಕಾಣತೈತಿ, ಕಾಣತೈತಿ" ಎಂದು ಕುಣಿಯುತ್ತಿದ್ದ. ಅವನ ಕಣ್ಣು ಕೀವುಗಟ್ಟಿ ಕೆಂಡವಾಗುವ ಹೊತ್ತಿಗೆ ವೈದ್ಯ ಮುಂದಿನ ಊರಲ್ಲಿರುತ್ತಿದ್ದ. ಎರಡನೆಯ ದಾರಿ ರಾಯರದು. ಹನಿ ಹಾಕಿ ಕಣ್ಣು ಮರಗಟ್ಟಿಸಿ, ತೆಳ್ಳನೆಯ ಚಾಕುವಿನಿಂದ ಕರಿಗುಡ್ಡೆಯ ಅಂಚಿನಲ್ಲಿ ಸೀಳಿ, ಪೊರೆಯನ್ನು ಹೊರಗೇ ತೆಗೆಯುವುದು. ತೆಗೆಯುವುದು ಕೆಲವೇ ನಿಮಿಷದ ಕೆಲಸ. ಕಷ್ಟ ಇದ್ದದ್ದು ಆಮೇಲೆ. ಸೀಳಿದ ಬಾಯಿಗೆ ಹೊಲಿಗೆ ಇಲ್ಲ! ಅದು ತಾನಾಗಿ ಕೂಡಬೇಕು. ಅದಕ್ಕಾಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು, ಹತ್ತು ದಿನ ಕಲ್ಲಿನಂತೆ ಮಲಗಿಸುತ್ತಿದ್ದೆವು. ಅಗಿಯುವಂತಿಲ್ಲ, ಗಂಜಿಯಷ್ಟೇ. ಕೆಮ್ಮುವಂತಿಲ್ಲ, ಅಳುವಂತಿಲ್ಲ, ನಗುವಂತಿಲ್ಲ. ಈಗ ಹಿಂತಿರುಗಿ ನೋಡಿದರೆ ಅನಿಸುತ್ತದೆ, ನಮ್ಮ ವಿದ್ಯೆ ಎಲ್ಲಿ ಸಾಲದೋ ಅಲ್ಲಿ ರೋಗಿಗೆ ಒಂದು 'ಬ್ಯಾಡ್ರಿ' ಹೇರುತ್ತಿದ್ದೆವು. ಹೊಸ ವಿದ್ಯೆ ಬಂದ ಹಾಗೆಲ್ಲ ಒಂದೊಂದೇ 'ಬ್ಯಾಡ್ರಿ' ಕಡಿಮೆಯಾಯಿತು.

ಚಿಕ್ಕೇರೂರಿನ ಗಂಗವ್ವ ಸವಣೂರಿನ ಮಗಳ ಮನೆಗೆ ಬಂದಿದ್ದಳು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಮಾಗಿತ್ತು, ಎಡದ್ದು ಇನ್ನೂ ಅರೆಬರೆ. ಕೌದಿ ಹೊಲಿಯುವುದರಲ್ಲಿ ಅವಳ ಕೈ ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಳೆಯ ಸೀರೆಗಳನ್ನು ಜೋಡಿಸಿ ಒಂದು ಕೌದಿ. ಆಗ ಮಗಳು ಬಸುರಿ. ಗಂಗವ್ವ ರಾಯರಿಗೆ ಕೇಳಿದ್ದು ಒಂದೇ ಮಾತು: "ಸಾಹೇಬ್ರ, ಸೂಜಿಗಿ ದಾರ ಏರ್ಸೂವಷ್ಟು ಕಾಣ್ಸಿದ್ರ ಸಾಕು. ಕೂಸು ಬರೂದ್ರಾಗ ಕೌದಿ ಮುಗೀಬೇಕು."

ಬಲಗಣ್ಣಿನ ಪೊರೆ ಸುಸೂತ್ರವಾಗಿ ಬಂತು. ಅದನ್ನು ತಟ್ಟೆಯಲ್ಲಿ ಹಿಡಿದವನು ನಾನೇ, ತೊಗರಿಯ ಬೇಳೆಯಷ್ಟು ದಪ್ಪ. ಗಂಗವ್ವ ಪಟ್ಟಿ ಕಟ್ಟಿಸಿಕೊಂಡು ಮಲಗಿದಳು. ಮೊದಲ ದಿನ ಸುಮ್ಮನಿದ್ದಳು. ಎರಡನೆಯ ದಿನ ನನ್ನ ದನಿ ಕೇಳಿ, "ಯಾವೂರ ತಮ್ಮಾ ನೀ?" ಎಂದು ಮಾತು ತೆಗೆದಳು. ಮೂರನೆಯ ದಿನ ಮಧ್ಯಾಹ್ನ ಗಂಜಿ ಕುಡಿಸಿ ಮುಗಿಸಿದ್ದೆ.

"ತಮ್ಮಾ, ಇನ್ನಾ ಏಳು ದಿನ ಹಿಂಗ ಹೆಣದಂಗ ಮಕ್ಕೊಂಡಿರಬೇಕ?"

"ಹೌದಬೇ ಯವ್ವಾ."

"ಏನರೆ ಮಾತಾಡೋ. ಬ್ಯಾಸರಾಗೈತಿ."

ಇಷ್ಟು ಹೇಳಿದರೆ ಸಾಕಿತ್ತು ನನಗೆ. ಬಾಗಿಲಿಗೆ ಬೆನ್ನು ಮಾಡಿ ನಿಂತೆ, ಇಲ್ಲದ ಕೋಟಿನ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿದೆ, ಗಂಟಲು ಸರಿಮಾಡಿಕೊಂಡು ರಾಯರ ದನಿ ಎತ್ತಿದೆ. "ಕೇಳ್ರಿ ಗಂಗಾಬಾಯಿ! ನಗಬ್ಯಾಡ್ರಿ! ಹಸೂ ನಕಾ! ಡೋಂಟ್ ಲಾಫ್! ನಕ್ಕರ ನಾ ನಿಮ್ಮನ್ನ ಮೂರು ಭಾಷಾದಾಗ ಬೈತೇನಿ. ಮೊದಲ ಕನ್ನಡದಾಗ ಬೈತೇನಿ, ತಿಳೀಲಿಲ್ಲಂದ್ರ ಮರಾಠಿ, ಸತ್ರಂದ್ರ ಇಂಗ್ಲಿಷು!"

ಗಂಗವ್ವನ ತುಟಿ ಬಿಗಿಯಿತು. ಹೊಟ್ಟೆ ಅಲುಗಿತು. ಇನ್ನೂ ಎರಡು ಕ್ಷಣ ತಡೆದಳು. ಆಮೇಲೆ ಒಡೆದ ಕೊಡದಂತೆ ನಗು ಹೊರಬಿತ್ತು. ಮರಳಿನ ಚೀಲ ಒಂದು ಕೆಳಗೆ ಉರುಳಿತು. ನಾನೂ ನಗುತ್ತಿದ್ದೆ, ನಾಚಿಕೆಗೆಟ್ಟವನು. ಅವಳ ಕೈ ಪಟ್ಟಿಯ ಮೇಲೆ ಹೋಗಿ, "ಯವ್ವಾ, ಒಳಗ ಏನೋ ಬಿಸಿ ಹರದಂಗಾತು" ಅಂದಾಗ ನನ್ನ ನಗು ನಿಂತಿತು.

ಓಡಿದೆ. ಡಾಕ್ಟರು ವರಾಂಡದಲ್ಲೇ ಸಿಕ್ಕರು. ಪಟ್ಟಿ ಬಿಚ್ಚಿ ನೋಡಿದರು. ಸೀಳು ಬಾಯಿ ಬಿಟ್ಟಿತ್ತು. ಕಣ್ಣಿನ ಒಳಗಿನ ಕಪ್ಪು ಪರದೆಯ ಒಂದು ತುಂಡು ಹೊರಗೆ ಇಣುಕಿತ್ತು.

"ಏನಾತು ಗಂಗಾಬಾಯಿ?" ಎಂದು ಕೇಳಿದರು.

ಅವಳು ರಾಯರ ದನಿ ಬಂದ ಕಡೆ ಮೋರೆ ಮಾಡಿ, "ಕೆಮ್ಮು ಬಂತ್ರಿ" ಅಂದಳು.

ರಾಯರು "ಕೆಮ್ಮು" ಎಂದರು. ಕೇಸ್ ಪೇಪರಿನಲ್ಲಿ ಅದನ್ನೇ ಬರೆದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. ನನ್ನ ಬಾಯಿ ಆ ಹೊತ್ತಿಗೆ ಮಾತ್ರ ಯಾರ ದನಿಯಲ್ಲೂ ಏಳಲಿಲ್ಲ.

ಹೊರಬಂದ ತುಂಡನ್ನು ಕತ್ತರಿಸಿ ಮತ್ತೆ ಪಟ್ಟಿ ಕಟ್ಟಿದರು. ಆ ಕಣ್ಣು ಬಹಳ ದಿನ ಕೆಂಪಗಿತ್ತು. ಕೊನೆಗೆ ಉಳಿದದ್ದು ಬೆಳಕು ಮತ್ತು ಕೈಯ ನೆರಳು. ಮೊಮ್ಮಗ ಹುಟ್ಟಿದ. ಕೌದಿ ಅರ್ಧಕ್ಕೆ ನಿಂತಿತು. ಗಂಗವ್ವ ಚಿಕ್ಕೇರೂರಿಗೆ ಮರಳಿದಳು. ಹೋಗುವಾಗ ಮಗಳ ಹೆಗಲು ಹಿಡಿದು ದವಾಖಾನೆಯ ಮೆಟ್ಟಿಲು ಇಳಿಯುತ್ತ, ನಾನಿದ್ದ ದಿಕ್ಕಿಗೆ ಮೋರೆ ಮಾಡಿ, "ಬರ್ತೇನಿ ತಮ್ಮಾ" ಅಂದಳು. ಅಷ್ಟೇ.

ಅಂದಿನಿಂದ ವಾರ್ಡಿನಲ್ಲಿ ನನ್ನ ನಕಲಿ ಬಂದಾಯಿತು. ಮನೆಯಲ್ಲಿ, ಸಂತೆಯಲ್ಲಿ ಮಾಡುತ್ತಿದ್ದೆ, ಹುಟ್ಟುಗುಣ ಎಲ್ಲಿ ಹೋದೀತು? ವಾರ್ಡಿನ ಬಾಗಿಲು ದಾಟಿದರೆ ಮಾತ್ರ ನಾಲಗೆ ಕಟ್ಟುತ್ತಿತ್ತು. ರಾಯರೂ ಬದಲಾದರು. ಕೆಲವು ವರ್ಷಗಳ ಮೇಲೆ ದೊಡ್ಡ ರಜೆ ಹಾಕಿ ಮುಂಬಯಿಗೆ ಹೋದರು. ಅಲ್ಲಿ ಪೊರೆ ತೆಗೆದ ಕಣ್ಣಿಗೆ ಹೊಲಿಗೆ ಹಾಕುವುದನ್ನು ಕಲಿಯುತ್ತಿದ್ದಾರೆ ಎಂದು ಸುದ್ದಿ ಬಂತು. ತಲೆಗೆ ನರೆ ಬಂದ ಮನುಷ್ಯ, ಮಕ್ಕಳ ವಯಸ್ಸಿನವರ ನಡುವೆ ಕೂತು ಸತ್ತ ಮೇಕೆಯ ಕಣ್ಣಿನ ಮೇಲೆ ರೇಷ್ಮೆಯ ಎಳೆ ಏರಿಸುತ್ತಿದ್ದಾರಂತೆ! ನನಗೆ ಅದು ಮಹಾ ತಮಾಷೆಯಾಗಿ ಕಂಡಿತ್ತು.

ನಲವತ್ತರ ದಶಕ ಮುಗಿಯುತ್ತ ಬಂದಾಗ ನಾವಿಬ್ಬರೂ ಹಿರೇಕೆರೂರಿನಲ್ಲಿ ಮತ್ತೆ ಕೂಡಿದೆವು. ಪೆನಿಸಿಲಿನ್ ಆಗಷ್ಟೇ ನಮ್ಮ ಕಡೆ ಮೋರೆ ತೋರಿಸಿತ್ತು. ಹುಬ್ಬಳ್ಳಿಯಿಂದ ತರಿಸಿ ಒದ್ದೆ ಮರಳಿನ ಗಡಿಗೆಯಲ್ಲಿ ಇಡುತ್ತಿದ್ದೆವು, ಮೂರು ಮೂರು ತಾಸಿಗೆ ಚುಚ್ಚಬೇಕಿತ್ತು. ಒಂದು ದಿನ ಕೈ ಊದಿಕೊಂಡ ಗೌಡರೊಬ್ಬರನ್ನು ಗಾಡಿಯಲ್ಲಿ ತಂದರು. ಕುಡುಗೋಲು ತಾಗಿದ ಬೆರಳು, ಕೀವು ಮೊಳಕೈ ತನಕ ಏರಿತ್ತು. ಹತ್ತು ವರ್ಷದ ಹಿಂದಾಗಿದ್ದರೆ ಕೈ ತೆಗೆಯಬೇಕಿತ್ತು, ಇಲ್ಲವೇ ಮನುಷ್ಯನೇ ಹೋಗುತ್ತಿದ್ದ. ಈಗ ಕೀವು ಹರಿಸಿ, ಪೆನಿಸಿಲಿನ್ ಚುಚ್ಚಿ ಚುಚ್ಚಿ ಐದನೆಯ ದಿನಕ್ಕೆ ಬೆರಳು ಮಡಚುವಂತಾದರು. ಹೆಸರು ರುದ್ರಗೌಡ, ಊರು ಚಿಕ್ಕೇರೂರು. ಅವರ ಮಂಚದ ಪಕ್ಕ ನೆಲದ ಮೇಲೆ ಒಬ್ಬ ಕುರುಡು ಮುದುಕಿ ಕೂತು ಅವರ ಒಳ್ಳೆಯ ಕೈಯನ್ನು ತಡವುತ್ತಿದ್ದಳು.

ನಾನು ಗುರುತು ಹಿಡಿದೆ. ಗಂಗವ್ವ. ಬಾಯಿ ತೆರೆಯದೆ ಸೂಜಿ ಚುಚ್ಚಿ ಹೊರಬಂದೆ. ಆ ಐದು ದಿನವೂ ಅವಳಿದ್ದಾಗ ನಾನು ಒಂದು ಶಬ್ದ ಆಡಲಿಲ್ಲ.

ರಾಯರೂ ಗುರುತು ಹಿಡಿದರು. ಎಡಗಣ್ಣಿನ ಪೊರೆ ಪೂರಾ ಮಾಗಿತ್ತು. ರುದ್ರಗೌಡರನ್ನು ತಮ್ಮ ಕೋಣೆಗೆ ಕರೆಸಿ, "ನಿಮ್ಮ ತಾಯಿ ಎಡಗಣ್ಣಿನ ಪೊರಿ ತೆಗೀತೇನಿ. ಈಗ ಹೊಲಿಗಿ ಹಾಕೂ ಪದ್ಧತಿ ಅದ" ಎಂದರು. ನಾನು ಮೂಲೆಯಲ್ಲಿ ಪಟ್ಟಿ ಸುತ್ತುತ್ತಿದ್ದೆ.

ಗೌಡರು ಕೈ ಮುಗಿದರು. "ಬ್ಯಾಡ್ರಿ ಸಾಹೇಬ್ರ. ನನ್ನ ಕೈ ಉಳಿಸೀರಿ, ನೀವು ದೇವ್ರಿದ್ದಂಗ. ಆದ್ರ ನಮ್ಮವ್ವ ಕೆಮ್ಮಿನ ಮುದುಕಿ. ಹಿಂದ ಸವಣೂರಾಗ ಕೆಮ್ಮಿ ಕಣ್ಣ ಕಳಕೊಂಡಾಳ. ಅಕೀನ ಹೇಳ್ತಾಳ. ಇದರಾಗ ಇನ್ನೂ ಒಂದೀಟು ಬೆಳಕು ಐತಿ, ಕಂಬ ತಡವದನ ಬಾಗಲ ದಾಟ್ತಾಳ. ಇದೂ ಹೋತಂದ್ರ ಪೂರಾ ಕತ್ತಲ. ಬ್ಯಾಡ್ರಿ."

ರಾಯರು ಮೇಜಿನ ಮೇಲಿನ ಪೆನ್ನಿನ ಟೋಪಿ ತೆಗೆದರು, ಹಾಕಿದರು. ಗೌಡರು ಎದ್ದರು. ಅವರು ಆ ಬಾಗಿಲು ದಾಟಿದರೆ ಗಂಗವ್ವನ ಕಣ್ಣಿಗೆ ಮತ್ತೆ ಅವಕಾಶವಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಆಡಿದ ಸುಳ್ಳು, ನಾನು ನುಂಗಿದ ಸುಳ್ಳು, ಅದೇ ಈಗ ಅವಳ ಕಣ್ಣಿಗೆ ಅಡ್ಡ ನಿಂತಿತ್ತು. ಸುತ್ತಿದ ಪಟ್ಟಿ ನನ್ನ ಕೈಯಿಂದ ಉರುಳಿ ಗೌಡರ ಕಾಲ ತನಕ ಬಿಚ್ಚಿಕೊಂಡಿತು.

"ಗೌಡ್ರ, ನಿಮ್ಮವ್ವ ಕೆಮ್ಮಲಿಲ್ರಿ" ಅಂದೆ. "ನಾ ಸಾಹೇಬ್ರ ನಕಲಿ ಮಾಡಿ ಅವರನ್ನ ನಗಿಸಿದೆ. ನಕ್ಕಿದ್ದಕ್ಕ ಕಣ್ಣಿನ ಗಾಯ ಬಾಯಿಬಿಡ್ತು. ನನ್ನ ಉಳಸಾಕ ಅವರು ಕೆಮ್ಮು ಅಂದ್ರು. ಕೆಮ್ಮೂ ಇಲ್ಲ, ಏನೂ ಇಲ್ಲ. ತಪ್ಪು ನಂದು."

ಗೌಡರು ನನ್ನನ್ನೇ ನೋಡಿದರು. ವಾಸಿಯಾದ ಕೈ ಮುಷ್ಟಿಯಾಯಿತು. ನಾವು ಐದು ದಿನ ಕಷ್ಟಪಟ್ಟು ಮಡಚಿಸಿದ ಬೆರಳುಗಳು ಅಷ್ಟು ಚೆನ್ನಾಗಿ ಮಡಚಿದ್ದನ್ನು ಕಂಡು ನನಗೆ ಒಂದು ಕ್ಷಣ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

"ನಕಲಿ ಮಾಡಿ ನಮ್ಮವ್ವನ ಕಣ್ಣ ತಗದೇನಲೇ?"

ನಡುವೆ ರಾಯರು ಬಂದರು. ನನಗೆ ಮೂರು ಭಾಷೆಯ ಬೈಗುಳ ಬರುತ್ತದೆಂದು ತಲೆ ತಗ್ಗಿಸಿದ್ದೆ. ಅವರು ಒಂದೇ ಭಾಷೆಯಲ್ಲಿ, ಅದೂ ಮೆಲ್ಲಗೆ ಹೇಳಿದರು, "ಗೌಡ್ರ, ತಪ್ಪು ನಮ್ಮ ದವಾಖಾನೀದು. ನಿಮ್ಮ ತಾಯೀದಲ್ಲ. ಇನ್ನೊಮ್ಮೆ ಅವಕಾಶ ಕೊಡ್ರಿ."

ಗೌಡರು ಮುಷ್ಟಿ ಬಿಚ್ಚಿದರು. ಕೊನೆಗೆ, "ಈ ಮನಶ್ಯಾ ನಮ್ಮವ್ವನ ಮುಂದ ಬಾಯಿ ತಗೀಬಾರ್ದು. ಒಂದ ಶಬ್ದ ಕೇಳಿದ್ರ ಗಾಡಿ ಕಟ್ತೇನಿ" ಅಂದರು. ನಾನು ಆಗಲೇ ಮೂಗನಾಗಿದ್ದೆ.

ಇನ್ನು ಗಂಗವ್ವನನ್ನು ಒಪ್ಪಿಸಬೇಕಿತ್ತು. ರಾಯರು ಅವಳ ಎದುರು ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಹೊಲಿಗೆ ಹಾಕುವ ವಿಚಾರ ತಿಳಿಸಿದರು. ಅವಳು ಹೆದರುತ್ತಾಳೆಂದು ನಾವಂದುಕೊಂಡಿದ್ದರೆ, ಕೌದಿಯವಳು ನೆಟ್ಟಗೆ ಕೂತಳು.

"ಎಂಥಾ ದಾರ್ರಿ?"

"ರೇಶ್ಮಿ. ಕೂದಲಕ್ಕಿಂತ ಸಣ್ಣದು."

"ರೇಶ್ಮಿ ಜಾರತೈತ್ರಿ. ಗಂಟ ಹೆಂಗ ಹಾಕ್ತೀರಿ?"

"ಎರಡು ಸುತ್ತು ಹಾಕಿ, ಮ್ಯಾಲ ಒಂದು."

"ಹ್ಞೂಂ. ಎಷ್ಟು ಹೊಲಿಗಿ?"

"ಒಂದು ಸಾಕು."

"ಒಂದು? ಎರಡು ಪದರು ಕೂಡ್ಸಾಕ ಒಂದ ಹೊಲಿಗಿ ಹಾಕಿದ್ರ ಎರಡೂ ಬಾಜೂ ಬಾಯಿ ಬಿಡೂದಿಲ್ಲೇನ್ರಿ? ನಾ ಹಂಗ ಹೊಲದ್ರ ನಮ್ಮ ಸೊಸಿ ನಗತಾಳ. ಎರಡು ಹಾಕ್ರಿ."

ಪುಣೆ, ಮುಂಬಯಿ ಕಲಿತ ಡಾಕ್ಟರು ತಲೆ ಕೆರೆದುಕೊಂಡು, "ಆಗ್ಲಿ, ಎರಡು ಹಾಕ್ತೇನಿ" ಎಂದರು. ಎರಡನ್ನೇ ಹಾಕಿದರು. ಬಾಗಿದ ಸೂಜಿ ರೆಪ್ಪೆಯ ಕೂದಲಿನಷ್ಟಿತ್ತು. ಅದನ್ನು ಹಿಡಿದು ಕೊಡುವಾಗ ನಾನು ಉಸಿರನ್ನೂ ಆಡಲಿಲ್ಲ. ಹಳೆಯ ಕಾಲದ ಮರಳಿನ ಚೀಲ ಈ ಬಾರಿ ಇಲ್ಲ. ಎರಡನೆಯ ದಿನವೇ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದೆವು. ಅನ್ನ ಮೆತ್ತಗೆ ಮಾಡಿ ಉಣ್ಣಿಸಿದೆವು. ದಿನಕ್ಕೆ ಎರಡು ಬಾರಿ ಹನಿ ಹಾಕುವವನು ನಾನು. ಅವಳು ಕೇಳುತ್ತಿದ್ದಳು, "ಯಾರಪಾ ನೀ? ಮಾತ ಬರೂದಿಲ್ಲೇನು?" ರುದ್ರಗೌಡರು ಬಾಗಿಲಲ್ಲೇ ಕೂತಿರುತ್ತಿದ್ದರು. ನಾನು ಅವಳ ಕೈ ಮುಟ್ಟಿ, ಹನಿ ಹಾಕಿ, ಹೊರಬೀಳುತ್ತಿದ್ದೆ. "ಪಾಪ, ಮೂಗಾ ಐತಿ ಮಗಾ" ಎಂದು ಮರುಕಪಡುತ್ತಿದ್ದಳು. ಒಮ್ಮೆ ಅವಳು ನಿಜವಾಗಿಯೂ ಕೆಮ್ಮಿದಳು, ಮೂರು ಬಾರಿ, ಗಟ್ಟಿಯಾಗಿ. ಗೌಡರು ಹಾರಿ ಎದ್ದರು, ನಾನು ಓಡಿ ರಾಯರನ್ನು ಕರೆತಂದೆ. ರಾಯರು ಪಟ್ಟಿ ಬಿಚ್ಚಿ ನೋಡಿದರು. ಎರಡೂ ಹೊಲಿಗೆ ಇದ್ದಲ್ಲೇ ಇದ್ದವು.

ಹತ್ತನೆಯ ದಿನ ದಾರ ತೆಗೆದರು. ಗಂಗವ್ವನನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ರಾಯರು ಪೆಟ್ಟಿಗೆಯಿಂದ ದಪ್ಪನೆಯ ಕನ್ನಡಕದ ಗಾಜೊಂದನ್ನು ತೆಗೆದು ಅವಳ ಎಡಗಣ್ಣಿನ ಮುಂದೆ ಹಿಡಿದರು. ಮುದುಕಿ ಕಣ್ಣು ಕಿರಿದು ಮಾಡಿದಳು, ಅಗಲ ಮಾಡಿದಳು, ಮೋರೆ ಮುಂದೆ ತಂದಳು.

"ಸಾಹೇಬ್ರ, ನಿಮ್ಮ ಕೋಟಿನ ಮ್ಯಾಲಿನ ಗುಂಡಿ ಬ್ಯಾರೆ ದಾರದಾಗ ಹಚ್ಚ್ಯಾರ. ಯಾರ ಹಚ್ಚಿದ್ದು, ನೀವ?"

ರಾಯರು ಗುಂಡಿ ಮುಟ್ಟಿಕೊಂಡರು. "ನಾನ ಹಚ್ಚೇನಿ" ಅಂದರು. ರುದ್ರಗೌಡರು ಗೋಡೆಯ ಕಡೆ ತಿರುಗಿ ರುಮಾಲಿನ ತುದಿಯಿಂದ ಮೋರೆ ಒರೆಸಿಕೊಂಡರು. ಅವ್ವ ಮಗನನ್ನು ನೋಡಿದಳು, ಕೈ ನೋಡಿದಳು, ಬೆರಳು ಎಣಿಸಿದಳು. ಆಮೇಲೆ ಗಾಜಿನ ಜೊತೆ ನನ್ನ ಕಡೆ ತಿರುಗಿದಳು.

"ಇಂವ ಯಾರು? ಆ ಮೂಗಾ?"

ಗೌಡರಿಗೆ ಆ ಹೊತ್ತಿಗೆ ಸಿಟ್ಟು ಉಳಿದಿರಲಿಲ್ಲ. "ಮೂಗಾ ಅಲ್ಲಬೇ. ಸವಣೂರಾಗ ನಕಲಿ ಮಾಡಿ ನಿನ್ನ ನಗಿಸಿದಾಂವ ಇಂವನ. ಎಲ್ಲಾ ಒಪ್ಪಿಕೊಂಡಾನ."

ನಾನು ಅವಳ ಕಾಲ ಹತ್ತಿರ ಕೂತೆ. ಹದಿನೈದು ದಿನದಿಂದ ಕಟ್ಟಿದ್ದ ನಾಲಗೆ ಬಿಚ್ಚಿತು. "ತಪ್ಪಾತಬೇ ಯವ್ವಾ. ನನ್ನ ನಕಲಿಗಿ ನಕ್ಕ ನಿನ್ನ ಕಣ್ಣು ಹೋತು. ನನ್ನ ಉಳಸಾಕ ನೀ ಸುಳ್ಳ ಹೇಳಿದಿ. ಇಷ್ಟು ವರ್ಷ ನನಗ ನುಂಗಾಕೂ ಆಗ್ಲಿಲ್ಲ, ಉಗುಳಾಕೂ ಆಗ್ಲಿಲ್ಲ."

ಗಂಗವ್ವ ಗಾಜನ್ನು ರಾಯರ ಕೈಯಿಂದ ತಾನೇ ತೆಗೆದುಕೊಂಡಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಆಮೇಲೆ ರಾಯರನ್ನು ನೋಡಿದಳು. ರಾಯರು ಕಿಟಕಿಯ ಹೊರಗೆ ನೋಡತೊಡಗಿದರು, ಕಿವಿ ಕೆಂಪಾಗಿದ್ದವು.

"ಏ, ನಿನ್ನ ನಕಲಿಗಿ ನಾ ಎಲ್ಲಿ ನಕ್ಕೆ?" ಅಂದಳು. "ಕಣ್ಣಿಗಿ ಪಟ್ಟಿ ಕಟ್ಟಿದ್ರು, ಕಿವಿಗಿ ಕಟ್ಟಿದ್ದಿಲ್ಲ. ನಿನ್ನ ಹಿಂದ ಬಾಗಲದಾಗ ಈ ಸಾಹೇಬ್ರು ಬೂಟು ಕಿರುಗುಟ್ಟಿಸ್ಕೋತ ಬಂದು ನಿಂತು ಮೂಗಿನಾಗ ಫುಸ್ ಅಂತ ನಕ್ರು. ಕೆಮ್ಮಂದಿದ್ದು ಇವರನ್ನ ಉಳಸಾಕ, ನಿನ್ನಲ್ಲ. ನಗಬ್ಯಾಡ್ರಿ ಅಂದಾವ್ರ ನಕ್ಕ ಮ್ಯಾಲ ನಾ ಯಾಕ ಸುಮ್ಕಿರ್ಲಿ?"